ದೊರೆಯ ಮುನಿಸು, ಅಳಿಯನ ಪಾಡು

ಅಳಿಯ ಬಲಗಾಲನ್ನು ಬೂಟಿಗೆ ತುರುಕಿದ, ತುರುಕಿದಷ್ಟೇ ಬೇಗ ಹೊರಗೆಳೆದ. ಕಾಲುಚೀಲ ಒದ್ದೆಯಾಗಿತ್ತು. ಮೂಸಿ ನೋಡುವ ಕಷ್ಟವೇ ಬೇಕಾಗಲಿಲ್ಲ, ವಾಸನೆ ತಾನಾಗಿಯೇ ಮೇಲಕ್ಕೆ ಬಂತು.

"ಅಯ್ಯೋ! ಮತ್ತೆ ಮಾಡಿದೆ!" ಎಂದು ಕೂಗಿಕೊಂಡ.

ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಓಡಿಬಂದರು. "ಏನಾಯ್ತು ನನ್ನ ಕಂದಂಗೆ?"

ಕಂದ ಎಂದರೆ ಅಳಿಯನಲ್ಲ, ಬೆಕ್ಕು. ಬೂದು ಬಣ್ಣದ, ದಿಂಬಿನಂಥ ಮೈಯ ಗಂಡುಬೆಕ್ಕು. ಹೆಸರು ದೊರೆ. ಈ ಗಲಾಟೆಗೂ ತನಗೂ ಸಂಬಂಧವೇ ಇಲ್ಲ ಎನ್ನುವ ಹಾಗೆ ಕಿಟಕಿಯಲ್ಲಿ ಕೂತು ಮುಂಗಾಲು ನೆಕ್ಕಿಕೊಳ್ಳುತ್ತಿತ್ತು.

ಮರಿಯಾಗಿದ್ದಾಗಿನಿಂದಲೂ ದೊರೆ ಬಚ್ಚಲಿನ ಪಕ್ಕದ ಮರಳಿನ ಟ್ರೇಯನ್ನು ಎಷ್ಟು ಚೊಕ್ಕವಾಗಿ ಬಳಸುತ್ತಿತ್ತೆಂದರೆ, ಬಂದ ನೆಂಟರನ್ನೆಲ್ಲ ಅತ್ತೆ ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಈಚೆಗೆ ಅದೇನು ಬಂತೋ, ಟ್ರೇಯ ಕಡೆ ತಿರುಗಿಯೂ ನೋಡದು. ಅಳಿಯನ ಬೂಟು, ಅಳಿಯನ ಚೀಲ, ಮಂಚದಲ್ಲಿ ಅಳಿಯ ಮಲಗುವ ಮಗ್ಗುಲು, ಎಲ್ಲ ಕಡೆಯೂ ಆಯಿತು.

"ನಿಮ್ಮನ್ನ ತುಂಬ ಹಚ್ಕೊಂಡಿದೆ, ಅದಕ್ಕೇ" ಎಂದರು ಅತ್ತೆ.

"ಇಷ್ಟೊಂದು ಹಚ್ಕೋಬಾರ್ದು ಅತ್ತೆ."

ಮಾವನವರು ಪತ್ರಿಕೆ ಮಡಚಿದರು. ಜೀವನವಿಡೀ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿದವರು. ನಿವೃತ್ತರಾದರೂ ಮನೆಮಂದಿಯನ್ನೆಲ್ಲ ಸ್ಟೇರಿಂಗ್ ಹಿಡಿದು ನಡುಗುವ ವಿದ್ಯಾರ್ಥಿಗಳೆಂದೇ ತಿಳಿದಿದ್ದರು. "ನೋಡಿ, ವಾಸನೆ ಗೇಟಿನ ತನಕ ಬರ್ತಿದೆ. ಸಾಯಂಕಾಲದೊಳಗೆ ಇದು ಇತ್ಯರ್ಥ ಆಗ್ಬೇಕು. ಇಲ್ಲಾಂದ್ರೆ ಬೆಕ್ಕನ್ನ ನನ್ನ ತಂಗಿ ಮನೆಗೆ ಸಾಗ್ಹಾಕ್ತೀನಿ."

ಅತ್ತೆ ಎದೆ ಹಿಡಿದುಕೊಂಡರು. ಅಳಿಯನ ಹೆಂಡತಿ ಜಡೆ ಹೆಣೆಯುವುದನ್ನು ಅರ್ಧಕ್ಕೇ ಬಿಟ್ಟು ಕಣ್ಣಲ್ಲಿ ನೀರು ತಂದುಕೊಂಡಳು. ಅಳಿಯನೂ ಮುಖ ಸಪ್ಪಗೆ ಮಾಡಿಕೊಂಡ, ಆದರೆ ಒಳಗೊಳಗೇ ಕುಣಿದ. ಮದುವೆಯಾಗಿ ಹೆಂಡತಿಯ ತವರಿಗೇ ಬಂದು ಸೇರಿದ್ದನಲ್ಲ, ಅಂದಿನಿಂದ ಒಂದು ರಾತ್ರಿಯೂ ಗಂಡ ಹೆಂಡಿರ ನಡುವೆ ಆ ಬೂದು ದಿಂಬು ಮಲಗದೆ ಇದ್ದದ್ದಿಲ್ಲ. ಕೈ ಚಾಚಿದರೆ ಸಿಗುತ್ತಿದ್ದದ್ದು ಬಾಲ. ದೊರೆ ತೊಲಗಿದರೆ ಸಾಕು, ತನ್ನ ಸಂಸಾರ ಶುರುವಾಗುತ್ತದೆ ಎಂದುಕೊಂಡ. ಆದರೆ ತಾನೇ ಓಡಿಸಿದೆ ಎನ್ನಿಸಿಕೊಳ್ಳಬಾರದು. ಎಲ್ಲ ಪ್ರಯತ್ನವನ್ನೂ ಮಾಡಿ ಸೋತವನಂತೆ ಕಾಣಬೇಕು.

ಅವನ ಕೆಲಸ ಕನ್ನಡಕದ ಅಂಗಡಿಯಲ್ಲಿ. ಗಿರಾಕಿಯ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಕೂತು, ಫ್ರೇಮು ಕೂರಿಸಿ, ಕಣ್ಣಿನ ಅಳತೆ ತೆಗೆಯಬೇಕು. ತೊಳೆದು ಹಾಕಿಕೊಂಡಿದ್ದ ಬೂಟು ಕಾಲಿನ ಶಾಖಕ್ಕೆ ಮತ್ತೆ ಜೀವ ಪಡೆಯಿತು. ಮೊದಲ ಗಿರಾಕಿ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು. ಎರಡನೆಯವರು "ಅಕ್ಷರ ಚೆನ್ನಾಗಿ ಕಾಣ್ಸುತ್ತಪ್ಪ, ಉಸಿರಾಡೋಕ್ಕೇ ಆಗ್ತಿಲ್ಲ" ಎಂದು ಎದ್ದರು.

ಒಳಗೆ ಲೆನ್ಸ್ ಉಜ್ಜುತ್ತಿದ್ದ ಗೆಳೆಯ ತಲೆ ಹೊರಹಾಕಿದ. "ಬೆಕ್ಕಿನ ಮರಳಲ್ಲಿ ಘಮಘಮ ಅನ್ನೋದು ಬರುತ್ತೆ ಕಣೋ. ಅದನ್ನ ಹಾಕು, ಬೆಕ್ಕು ಟ್ರೇ ಬಿಟ್ಟು ಏಳಲ್ಲ."

ಅಷ್ಟರಲ್ಲಿ ಅಂಗಡಿಯ ಯಜಮಾನರು ಬಂದು, ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ, "ಇವತ್ತು ರಜಾ ತಗೋ ಮಾರಾಯ. ನೀನಿದ್ರೆ ವ್ಯಾಪಾರ ಆಗಲ್ಲ" ಎಂದು ಕೈಮುಗಿದರು.

ಅಳಿಯ ಪರಿಮಳದ ಮರಳಿನ ಚೀಲ ಹೊತ್ತು ಮನೆಗೆ ಬಂದ. ಹೆಲ್ಮೆಟ್ಟನ್ನು ಕೆಳಗಿಟ್ಟು ಟ್ರೇಗೆ ಮರಳು ಸುರಿದ. ಮದುವೆಮನೆಯ ಹಾಗೆ ಘಮ್ಮೆಂದಿತು. ದೊರೆ ಬಂತು, ಒಂದು ಕಾಲು ಇಟ್ಟಿತು, ಸೀನಿತು, ಕಾಲು ಕೊಡವಿತು. ಅಲ್ಲಿಂದ ಗಂಭೀರವಾಗಿ ನಡೆದು ಹೋಗಿ ಹೆಲ್ಮೆಟ್ಟಿನೊಳಗೆ ಕೂತು ಮುಗಿಸಿತು.

"ಹಾಳಾದ್ದು!" ಎಂದು ಅಳಿಯ ಕೂಗಿದ್ದಕ್ಕೆ ಪಕ್ಕದ ಮನೆಯ ಆಂಟಿ ಕಾಂಪೌಂಡಿನ ಮೇಲಿಂದ ಇಣುಕಿದರು. ಇಣುಕಿದವರು ಎರಡೇ ನಿಮಿಷಕ್ಕೆ ಒಳಗೇ ಬಂದರು.

"ಅಲ್ರೀ, ಹೀಗೆ ಬಟಾಬಯಲಲ್ಲಿ ಇಟ್ಟಿದೀರಲ್ಲ! ಎಲ್ಲರೆದುರಿಗೆ ಕೂತ್ಕೋ ಅಂದ್ರೆ ನೀವು ಕೂತ್ಕೋತೀರಾ? ಅದಕ್ಕೂ ಮಾನ ಮರ್ಯಾದೆ ಇರಲ್ವಾ?"

ಸರಿ, ಅಳಿಯ ಅಟ್ಟದಿಂದ ದೊಡ್ಡ ರಟ್ಟಿನ ಪೆಟ್ಟಿಗೆ ಇಳಿಸಿ, ಬಾಗಿಲು ಕತ್ತರಿಸಿ, ಟ್ರೇಯ ಮೇಲೆ ಕವುಚಿದ. ದೊರೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ದೂರ ಕೂತಿತು.

"ಹೆದರ್ಕೊಂಡಿದೆ ಪಾಪ. ನೀವೇ ಒಂದ್ಸಲ ಒಳಗ್ಹೋಗಿ ತೋರ್ಸಿ" ಎಂದರು ಆಂಟಿ.

"ಏನ್ ತೋರ್ಸೋದು ಆಂಟಿ?"

"ಅಯ್ಯೋ, ಒಳಗ್ಹೋಗೋದು ತೋರ್ಸಿ ಸಾಕು!"

ಸೋತವನಂತೆ ಕಾಣಬೇಕೆಂದು ನಿಶ್ಚಯಿಸಿದ ಮೇಲೆ ಹಿಂಜರಿದರೆ ಆದೀತೆ? ಅಳಿಯ ಮಂಡಿಯೂರಿ ತಲೆ ತೂರಿಸಿದ. ತಲೆ ಹೋಯಿತು, ಭುಜ ಹೋಯಿತು, ಹೋದದ್ದು ವಾಪಸು ಬರಲೊಲ್ಲದು. ಆಂಟಿಯ ಕಿರುಚಾಟಕ್ಕೆ ಮಾವನವರು ಓಡಿಬಂದರು. ಅಳಿಯನ ಹಿಂಭಾಗ ಕಂಡದ್ದೇ ತಡ, ಅವರ ಹಳೆಯ ಹುರುಪೆಲ್ಲ ಮರಳಿತು.

"ಗಾಬರಿಯಾಗ್ಬೇಡಿ! ರಿವರ್ಸ್ ತಗೊಳ್ಳಿ! ನಿಧಾನ, ನಿಧಾನ... ಎಡಕ್ಕೆ ತಿರುಗ್ಸಿ! ಎಡ ಅಂದ್ರೆ ಎಡ! ಸ್ಟಾಪ್!"

ಸ್ಟಾಪ್ ಎಂದಾಗ ಅಳಿಯ ಪೆಟ್ಟಿಗೆಯನ್ನೇ ತಲೆಗೆ ಹಾಕಿಕೊಂಡು ಗೋಡೆಗೆ ಆತು ಕೂತಿದ್ದ. ಮೈತುಂಬ ಮರಳು. ಏನೂ ಕಾಣದಿದ್ದರೂ ಬಲಗಾಲು ನಿಧಾನವಾಗಿ ಬೆಚ್ಚಗಾದದ್ದು ತಿಳಿಯಿತು.

ಪೆಟ್ಟಿಗೆ ಹರಿದುಕೊಂಡು ಹೊರಬಂದವನಿಗೆ ಈ ಸಲ ನಿಜವಾಗಿಯೇ ಸಿಟ್ಟು ನೆತ್ತಿಗೇರಿತ್ತು. "ಸಾಕು! ಇನ್ನು ಯಾರೂ ಸಲಹೆ ಕೊಡ್ಬೇಡಿ. ಡಾಕ್ಟ್ರನ್ನ ಕರೆಸ್ತೀನಿ. ಅವರು ಏನ್ ಹೇಳ್ತಾರೋ ಅದೇ ಕೊನೆ. ಆಮೇಲೆ ಅತ್ರೂ ಕರೆದ್ರೂ ನಾನು ಕೇಳಲ್ಲ. ಮಾತು ಕೊಡಿ!"

ಮಾವ ಮಾತು ಕೊಟ್ಟರು. ಅತ್ತೆ ಮೂಗೊರೆಸಿಕೊಂಡು ಕೊಟ್ಟರು. ಆಗಷ್ಟೇ ಕೆಲಸದಿಂದ ಬಂದ ಹೆಂಡತಿ ಬಿಕ್ಕುತ್ತಾ ಕೊಟ್ಟಳು. ಯಾರೂ ಕೇಳದಿದ್ದರೂ ಆಂಟಿಯೂ ಕೊಟ್ಟರು.

ಪಶುವೈದ್ಯೆ ಸಾಯಂಕಾಲ ಮನೆಗೇ ಬಂದರು. ದೊರೆಯ ಹೊಟ್ಟೆ ಒತ್ತಿದರು, ಕಿವಿ ನೋಡಿದರು, ಬಾಲ ಎತ್ತಿದರು. "ರೋಗ ಏನೂ ಇಲ್ಲ. ಗುಂಡುಕಲ್ಲಿನ ಹಾಗಿದೆ."

ಅಳಿಯ ಮುಂದೆ ಬಾಗಿದ. "ಅಂದ್ರೆ ಮನಸ್ಸಿಗೆ ಸಂಬಂಧಪಟ್ಟದ್ದು, ಅಲ್ವಾ ಡಾಕ್ಟ್ರೇ? ಜಾಗ ಬದಲಾಯಿಸಿದ್ರೆ ಸರಿಹೋಗ್ಬೋದು?"

"ಖಂಡಿತ. ಜಾಗ ಬದಲಾಯಿಸಿದ್ರೆ ಸರಿಹೋಗುತ್ತೆ."

ಅಳಿಯ ಬಹಳ ದುಃಖದಿಂದ ನಿಟ್ಟುಸಿರು ಬಿಟ್ಟ. "ಪಾಪ, ಎಲ್ಲರಿಗೂ ಬೇಜಾರಾಗುತ್ತೆ. ಆದ್ರೆ ಮಾತು ಅಂದ್ರೆ ಮಾತು."

"ಒಂದ್ನಿಮಿಷ. ಇದು ಯಾವಾಗ ಶುರುವಾಯ್ತು?" ಎಂದರು ವೈದ್ಯೆ.

"ಎರಡು ತಿಂಗಳಾಗಿರ್ಬೇಕು" ಎಂದರು ಅತ್ತೆ.

"ಆಗ ಮನೇಲಿ ಏನಾದ್ರೂ ಬದಲಾಯ್ತಾ? ಹೊಸ ಸಾಮಾನು, ಹೊಸ ವಾಸನೆ, ಹೊಸಬರು?"

ಎಲ್ಲರೂ ಯೋಚಿಸಿದರು. ಅತ್ತೆ ಪರದೆ ಬದಲಾಯಿಸಿದ್ದನ್ನು ನೆನಪಿಸಿಕೊಂಡರು, ಮಾವ ಗೇಟಿಗೆ ಬಣ್ಣ ಹೊಡೆಸಿದ್ದನ್ನು. ಆಮೇಲೆ ಒಬ್ಬೊಬ್ಬರಾಗಿ ಅಳಿಯನ ಕಡೆ ತಿರುಗಿದರು. ದೊರೆಯೂ ತಿರುಗಿ ನೋಡಿತು.

"ಅಯ್ಯೋ, ಇಷ್ಟು ಹೊತ್ತು ಹೊಳೀಲೇ ಇಲ್ಲ ನೋಡಿ!" ಎಂದರು ಆಂಟಿ ಖುಷಿಯಿಂದ.

ವೈದ್ಯೆ ತಲೆಯಾಡಿಸಿದರು. "ಹಾಗೇ ಅಂದ್ಕೊಂಡೆ. ಅದರ ಜಾಗಕ್ಕೆ ಇವರು ಬಂದ್ಬಿಟ್ಟಿದಾರೆ ಅನ್ನೋ ಸಂಕಟ ಅದಕ್ಕೆ. ಮಲಗೋ ಕೋಣೇನ ಅದಕ್ಕೇ ಬಿಟ್ಕೊಡಿ. ಇವರು ಸ್ವಲ್ಪ ದಿನ ಬೇರೆ ಕಡೆ ಮಲಗ್ಲಿ. ನಿಧಾನವಾಗಿ ಪರಿಚಯ ಮಾಡ್ಸೋಣ."

ಅಳಿಯ ಬಾಯಿ ತೆರೆದ. ಮಾವ ಕೈಯೆತ್ತಿ ತಡೆದರು. "ಡಾಕ್ಟ್ರು ಹೇಳಿದ್ದೇ ಕೊನೆ. ನೀವೇ ಮಾತು ತಗೊಂಡ್ರಿ."

ಕತ್ತಲಾಗುವ ಮೊದಲೇ ಮಹಡಿಯ ಮೇಲಿನ ಸಾಮಾನು ಕೋಣೆಯಲ್ಲಿ ಹಾಸಿಗೆ ಬಿತ್ತು. ಸುತ್ತ ಮುರಿದ ಕುರ್ಚಿ, ತುಕ್ಕು ಹಿಡಿದ ಫ್ಯಾನು. ಆದರೂ ಅಳಿಯನ ಮನಸ್ಸು ಸ್ವಲ್ಪ ಹೊತ್ತಿನಲ್ಲೇ ಹಗುರಾಯಿತು. ಕೋಣೆ ಹೇಗಿದ್ದರೇನು, ಬೆಕ್ಕಂತೂ ಇಲ್ಲ. ಇಬ್ಬರೇ. ಹೆಂಡತಿ ದಿಂಬು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದಳು.

"ಇದು ನಂದು. ನಿನ್ ದಿಂಬೆಲ್ಲಿ?" ಎಂದ ಅಳಿಯ.

"ನನ್ ದಿಂಬು ಯಾಕ್ರೀ ಇಲ್ಲಿ? ನಾನಿಲ್ದೆ ದೊರೆ ಯಾವತ್ತು ಮಲಗಿದೆ ಹೇಳಿ?" ಎಂದು ಅವನ ಕೆನ್ನೆ ಸವರಿದಳು. "ನೀವು ತುಂಬ ಒಳ್ಳೆಯೋರು ರೀ. ನೀವು ಹಟ ಹಿಡಿದು ಡಾಕ್ಟ್ರನ್ನ ಕರೆಸ್ದೇ ಇದ್ದಿದ್ರೆ ಪಾಪ ಅದು ನಮ್ ಸೋದರತ್ತೆ ಮನೆ ಸೇರ್ಕೊಂಡಿರ್ತಿತ್ತು."

ಕೆಳಗಿನಿಂದ ಅತ್ತೆಯ ಕೂಗು ಕೇಳಿಸಿತು. "ಮಾಡ್ತು! ಟ್ರೇಯಲ್ಲೇ ಮಾಡ್ತು ಕಣೇ! ಬೇಗ ಬಾ!"

ಹೆಂಡತಿ ಚಪ್ಪಾಳೆ ತಟ್ಟಿಕೊಂಡು ಕೆಳಕ್ಕೆ ಓಡಿದಳು.