ಗೋಡೆಗಿಂತ ಮೊದಲು ಬಂದ ಬೋರ್ಡು

ನಾಲ್ಕು ಜನ ಸೇರಿ ಸಂಘ ಅಂತ ಒಂದು ಮಾಡಿಕೊಂಡರೆ ಕೆಲಸಕ್ಕಿಂತ ಎಡವಟ್ಟುಗಳೇ ಹೆಚ್ಚಾಗುತ್ತವೆ. ಚಿಂತಾಮಣಿಯ ನಮ್ಮ ಬೀದಿಯ ಸಂಘದಲ್ಲಂತೂ ಎಡವಟ್ಟಿಗೆ ಭಾನುವಾರದ ರಜೆಯೂ ಇರಲಿಲ್ಲ. ಯಾಕೆಂದರೆ ನಾವು ಸೇರುತ್ತಿದ್ದದ್ದೇ ಭಾನುವಾರ. ಕೇರಂ ಆಡುವುದು, ಪೇಪರ್ ಓದುವುದು, ಬೀದಿಯಲ್ಲಿ ಯಾರ ಮನೆಯಲ್ಲಾದರೂ ಮದುವೆಯೋ ಸಾವೋ ಆದರೆ ಎಲ್ಲರಿಗಿಂತ ಮೊದಲು ಹೋಗಿ ನಿಲ್ಲುವುದು, ಇಷ್ಟೇ ನಮ್ಮ ಧ್ಯೇಯ. ನಾನು ಮಂಡ್ಯದ ಕಡೆಯವನು, ಹೈಸ್ಕೂಲಿನ ಕನ್ನಡ ಮೇಷ್ಟ್ರು. ಅಕ್ಷರ ದುಂಡಗಿದೆ ಅನ್ನುವ ಒಂದೇ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಅದೇ ಮೊದಲನೆಯ ಎಡವಟ್ಟು.

ಹನ್ನೆರಡು ಅಡಿ

ನಮ್ಮ ಅಧ್ಯಕ್ಷರು ಸರ್ಕಾರಿ ಬಸ್ಸಿನ ನಿವೃತ್ತ ಡ್ರೈವರ್. ಸಭೆ ಶುರುವಾಗಬೇಕಾದರೆ "ರೈಟ್ ರೈಟ್" ಅನ್ನುವರು, ಯಾರಾದರೂ ಜಾಸ್ತಿ ಮಾತಾಡಿದರೆ "ಹೋಲ್ಡಾನ್" ಅನ್ನುವರು. ಸಂಘಕ್ಕೆ ಸ್ವಂತದ ಒಂದು ಕೋಣೆ ಆಗಬೇಕು, ಯಾರೂ ಎಬ್ಬಿಸದ ಹಾಗೆ ಕೂತು ಪೇಪರ್ ಓದಬೇಕು ಅನ್ನುವುದು ಅವರ ಆಸೆ. ಆಸೆ ಏನು ಬಂತು, ಹಟ.

ಜಾಗವೇ ಇಲ್ಲದಾಗ ಅವರು ಮೊದಲು ಮಾಡಿಸಿದ್ದು ಬೋರ್ಡು. ಗುಜರಿಗೆ ಬಿದ್ದಿದ್ದ ಬಸ್ಸಿನ ಹಲಗೆ ತಂದು, ತಾವೇ ಉಜ್ಜಿ, ಬಣ್ಣ ಬಳಿದು, ಪೇಂಟರ್ ಕೈಲಿ ಸಂಘದ ಹೆಸರು ಬರೆಸಿದರು. ಹೆಸರಿನ ಮುಂದೆ ದಪ್ಪಕ್ಷರದಲ್ಲಿ "ಸ್ವಂತ ಕಟ್ಟಡ". ಒಟ್ಟು ಹನ್ನೆರಡು ಅಡಿ ಉದ್ದ.

"ಅಲ್ಲ ಸಾರ್, ಕಟ್ಟಡ ಎಲ್ಲಿ?" ಅಂದೆ.

"ಬಸ್ಸಿಗೂ ಮೊದ್ಲು ಬೋರ್ಡೇ ಹಾಕೋದು ಮೇಷ್ಟ್ರೇ. ಆಮೇಲೆ ಊರು ತಾನಾಗೇ ಬರ್ತದೆ," ಅಂದರು.

ಎಲೆಕ್ಷನ್ ಬಂತಾ?

ಮೊದಲು ಒಬ್ಬರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಮಾಲೀಕರು ಸಂಸಾರ ಸಮೇತ ತಿರುಪತಿಗೆ ಹೋಗಿದ್ದ ಸಮಯ ನೋಡಿ ನಾವು ಬೋರ್ಡು ನೇತುಹಾಕಿದೆವು. ನುಣ್ಣನೆಯ ತಲೆಯಲ್ಲಿ ವಾಪಸು ಬಂದವರು ನೋಡುತ್ತಾರೆ, ಅವರ ಮನೆಯ ಹಣೆಯ ಮೇಲೆ "ಸ್ವಂತ ಕಟ್ಟಡ" ಅಂತಿದೆ. ಲಾಡು ಕೊಡಲು ಬರುತ್ತಾರೆ ಅಂದುಕೊಂಡರೆ ಮನೆಯ ಪತ್ರಗಳನ್ನೇ ಹಿಡಿದುಕೊಂಡು ಬಂದರು.

"ಯಾರದ್ರೀ ಸ್ವಂತ?"

"ಅದು ಇದಕ್ಕಲ್ಲ ಸ್ವಾಮಿ, ಮುಂದೆ ಕಟ್ಟೋದಕ್ಕೆ," ಅಂದರು ಅಧ್ಯಕ್ಷರು.

"ಮುಂದೆ ಕಟ್ಟೋದನ್ನ ಮುಂದೆ ನೇತಾಕ್ಕೊಳಿ. ಇದು ನಮ್ಮಪ್ಪ ಕಟ್ಟಿಸಿದ್ದು!"

ಅಧ್ಯಕ್ಷರು ಆ ಎರಡು ಪದಗಳ ಮೇಲೆ ತಮ್ಮದೇ ಒಂದು ಬಿಳಿ ಪಂಚೆ ಕಟ್ಟಿ ಮುಚ್ಚಿದರು. ಬೋರ್ಡಿಗೆ ಬಟ್ಟೆ ಕಟ್ಟಿದ್ದನ್ನು ಕಂಡ ದಾರಿಹೋಕರೆಲ್ಲ ಮಾಲೀಕರನ್ನು ನಿಲ್ಲಿಸಿ, "ಏನ್ ಸಾರ್, ಎಲೆಕ್ಷನ್ ಬಂತಾ?" ಅಂತ ಕೇಳತೊಡಗಿದರು. ಒಂದು ವಾರ ಸಹಿಸಿಕೊಂಡ ಆ ಪುಣ್ಯಾತ್ಮರು ಎಂಟನೆಯ ದಿನ ಹೇಳಿದರು: "ಬಂತು. ಇವರು ಸೋತರು. ಇವತ್ತೇ ಖಾಲಿ ಮಾಡ್ತಾವ್ರೆ."

ಕಟ್ಟಡದ ಮೇಲೆ ಕೂತವರು

ಅಲ್ಲಿಂದ ಎದ್ದು ನಮ್ಮ ಸದಸ್ಯನೇ ಆದ ಟೈಲರನ ಅಂಗಡಿಗೆ ಬಂದೆವು. ಅಂಗಡಿಯೇ ಬೋರ್ಡಿಗಿಂತ ಚಿಕ್ಕದು. ಕೊನೆಗೆ ಅದನ್ನು ಹೊರಗಡೆ ಎರಡು ಕಲ್ಲಿನ ಮೇಲೆ ಮಲಗಿಸಿ ಬೆಂಚು ಮಾಡಿಕೊಂಡೆವು. ಯಾರು ಬಂದರೂ ಟೈಲರ್, "ಬನ್ನಿ ಸಾರ್, ಸ್ವಂತ ಕಟ್ಟಡದ ಮೇಲೆ ಕೂತ್ಕೊಳ್ಳಿ," ಅನ್ನುತ್ತಿದ್ದ. ಅಧ್ಯಕ್ಷರು ಮಾತ್ರ ಅದರ ಮೇಲೆ ಕೂರಲಿಲ್ಲ. ಎರಡು ವರ್ಷ ನಿಂತುಕೊಂಡೇ ಪೇಪರ್ ಓದಿದರು. ಅವರನ್ನು ನೋಡಿ ನಗುತ್ತಿದ್ದ ನನಗೆ ಆಮೇಲಾಮೇಲೆ ಕೂರಲು ನಾಚಿಕೆಯಾಗತೊಡಗಿತು. ನಿಂತರೆ ಕಾಲು ನೋವು, ಕೂತರೆ ಅವಮಾನ. ಆ ಎರಡು ವರ್ಷ ನಾನು ಪೇಪರನ್ನೇ ಓದಲಿಲ್ಲ.

ಅಜ್ಜಿ ಕೇಳಿದ ಪಾಲು

ಅಂಬಾಜಿದುರ್ಗದ ಕಡೆಯ ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದಳು. ನಮ್ಮ ಬೀದಿಯ ತುದಿಯಲ್ಲಿ ಬಿದ್ದುಹೋದ ಒಂದು ಮನೆಯ ಜಾಗ ಅವಳದು. ಅಧ್ಯಕ್ಷರು ಆ ರೂಟಿನಲ್ಲಿ ಬಸ್ಸು ಓಡಿಸುತ್ತಿದ್ದಾಗ ಸ್ಟಾಪು ಇಲ್ಲದಿದ್ದರೂ ಅವಳ ಹೊಲದ ಹತ್ತಿರ ನಿಲ್ಲಿಸುತ್ತಿದ್ದರಂತೆ. ಅವಳು ಹತ್ತಿ ಸೀಟು ಹಿಡಿದು ಕೂರುವವರೆಗೂ ಬಸ್ಸು ಅಲುಗುತ್ತಿರಲಿಲ್ಲವಂತೆ. ಅದನ್ನು ನೆನಪಿಟ್ಟುಕೊಂಡಿದ್ದ ಅಜ್ಜಿ, ಡ್ರೈವರಪ್ಪನ ಸಂಘಕ್ಕೆ ಜಾಗ ಕೊಡುತ್ತೇನೆ, ಬಂದು ಮಾತಾಡಿ ಅಂತ ಹೇಳಿ ಕಳಿಸಿದಳು.

ಅಧ್ಯಕ್ಷರು ಆಗ ಮಗಳ ಬಾಣಂತನಕ್ಕೆ ಗೌರಿಬಿದನೂರಿಗೆ ಹೋಗಿದ್ದರು. ನಾನೊಬ್ಬನೇ ಹೋದೆ. ಅಜ್ಜಿಗೆ ಕನ್ನಡ ಅರ್ಥವಾಗುತ್ತದೆ, ಆಡುವುದು ತೆಲುಗು. ನನಗೆ ತೆಲುಗು ಅಷ್ಟಕ್ಕಷ್ಟೆ. ಆದರೆ ಭಾಷಾ ಮೇಷ್ಟ್ರಲ್ಲವೇ, ಗೊತ್ತಿಲ್ಲ ಅನ್ನುವುದು ಹೇಗೆ?

"ಜಾಗಾ ಇಸ್ತಾನು," ಅಂದಳು. ಕೊಡ್ತೀನಿ ಅಂತ. ಅರ್ಥವಾಯಿತು.

"ಕಾನೀ, ಪಾಲು ಕಾವಾಲ. ಪಾಲು ಲೇಕುಂಟೇ ಇಯ್ಯನು." ಪಾಲು ಬೇಕು, ಪಾಲಿಲ್ಲದಿದ್ದರೆ ಕೊಡುವುದಿಲ್ಲ. ಅದೂ ಅರ್ಥವಾಯಿತು. ಇದ್ದ ಸಂತೋಷವೆಲ್ಲ ಇಳಿದುಹೋಯಿತು.

"ಎಷ್ಟು ಪಾಲು ಅಜ್ಜಿ?"

"ಎಂತೈತೇಮಿ? ಪೊಂಗಾಲ, ಅಂತೇ!" ಎಷ್ಟಾದರೇನು ಅನ್ನುವುದು ತಿಳಿಯಿತು, ಉಳಿದದ್ದು ಪೊಂಗಲ್ ಅಂತ ಕೇಳಿಸಿತು.

ಬಂದು ಸಭೆಯಲ್ಲಿ ಶುದ್ಧ ಕನ್ನಡದಲ್ಲಿ ವರದಿ ಒಪ್ಪಿಸಿದೆ: "ಅಜ್ಜಿಗೆ ಜಾಗದಲ್ಲಿ ಪಾಲು ಬೇಕಂತೆ. ಜೊತೆಗೆ ಪೊಂಗಲ್ಲೂ ಬೇಕಂತೆ."

ಸಭೆಯಲ್ಲಿದ್ದವರಿಗೆಲ್ಲ ತೆಲುಗು ನೀರು ಕುಡಿದಷ್ಟು ಸಲೀಸು. ಆದರೆ ನಾನು ಹೇಳಿದ್ದು ಕನ್ನಡ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಟೈಲರ್ ಮಾತ್ರ ಬಹಳ ಹೊತ್ತು ಯೋಚಿಸಿ ಕೇಳಿದ: "ಸಿಹಿ ಪೊಂಗಲ್ಲೋ, ಖಾರದ್ದೋ?"

ಗರಗಸ

ಅಧ್ಯಕ್ಷರು ವಾಪಸು ಬರುವಷ್ಟರಲ್ಲಿ ಸಂಘ ಎರಡು ಭಾಗವಾಗಿತ್ತು. ಇರುವುದೇ ಅಂಗೈಯಷ್ಟು ಜಾಗ, ಅದರಲ್ಲೂ ಪಾಲು ಕೊಟ್ಟರೆ ನಾವು ಕೂರುವುದೆಲ್ಲಿ ಅಂತ ಕೆಲವರು. ಕೊಟ್ಟಷ್ಟೇ ಸಾಕು ಅಂತ ಕೆಲವರು. ಅಧ್ಯಕ್ಷರು ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ನೋಡಿದರು. ಬೀದಿ ಕಡೆಯ ಮೂಲೆ ಅಜ್ಜಿಗೆ ಬಿಟ್ಟರೆ ನಮ್ಮ ಗೋಡೆಗೆ ಉಳಿಯುವುದು ಎಂಟೇ ಅಡಿ.

"ಬೋರ್ಡು ಹನ್ನೆರಡಲ್ವಾ?" ಅಂತ ಯಾರೋ ಅಂದರು.

ಅಧ್ಯಕ್ಷರು ಕೈಗೆ ಹತ್ತಿದ ಸುಣ್ಣ ಒರೆಸಿಕೊಂಡು ಎದ್ದರು. ಟೈಲರ್ ಅಂಗಡಿಗೆ ಬಂದರು. ಬೋರ್ಡಿನ ಮೇಲೆ ಕೂತಿದ್ದವರನ್ನು ಎಬ್ಬಿಸಿದರು. ಬಡಗಿಯಿಂದ ಗರಗಸ ತರಿಸಿ, ಕಚ್ಚೆ ಕಟ್ಟಿ, "ಸ್ವಂತ ಕಟ್ಟಡ" ಅನ್ನುವ ಭಾಗವನ್ನು ತಮ್ಮ ಕೈಯಾರೆ ಕೊಯ್ದುಹಾಕಿದರು.

"ಆ ತಾಯಿ ನೆಲಾನೇ ಕೊಡ್ತಾವ್ಳೆ ಕಣ್ರಪ್ಪಾ. ನಾವು ನಾಕಡಿ ಹಲಗೆ ಕೊಡಕ್ಕಾಗಲ್ವಾ?" ಅಂದರು.

ಅಲ್ಲಿಗೆ ಜಗಳ ನಿಂತಿತು. ಆ ಮನುಷ್ಯನ ಮೇಲೆ ನನಗೆ ಅವತ್ತು ಬಂದ ಗೌರವ ಇವತ್ತಿಗೂ ಇಳಿದಿಲ್ಲ. ಟೈಲರ್ ಮಾತ್ರ ತುಂಡನ್ನು ಎತ್ತಿ ನೋಡಿ, "ಒಬ್ಬರು ಕೂರಕ್ಕೆ ಸರಿಯಾಗದೆ, ಈಗಾದ್ರೂ ಕೂತ್ಕೊಳ್ಳಿ ಸಾರ್," ಅಂದ.

ತಾಗೇ ಪಾಲು

ಉಪ ನೋಂದಣಿ ಕಚೇರಿಯ ಮುಂದೆ, ಹುಣಸೆಮರದ ಕೆಳಗೆ ದಾನಪತ್ರ ಸಿದ್ಧವಾಯಿತು. ಬರೆದ ಕರಡು ನನ್ನದೇ. ಪತ್ರ ಬರೆಯುವವರು ಅಜ್ಜಿಗೆ ಒಂದೊಂದೇ ಸಾಲು ತೆಲುಗಿನಲ್ಲಿ ಬಿಡಿಸಿ ಹೇಳುತ್ತಾ, "ಅವ್ವಾ, ಬೀದಿ ಪಕ್ಕ ಭಾಗಂ ನೀಕೇ," ಅಂದರು. ಬೀದಿ ಕಡೆಯ ಭಾಗ ನಿನಗೇ ಅಂತ.

ಅಜ್ಜಿ ಹೆಬ್ಬೆಟ್ಟಿಗೆ ಹಚ್ಚಿಕೊಂಡಿದ್ದ ಮಸಿಯ ಕೈಯನ್ನು ಹಾಗೇ ಮೇಲೆತ್ತಿದಳು. "ನಾಕೆಂದುಕು ಭಾಗಂ? ನೇನಡಿಗಿಂದಿ ಪಾಲು ರಾ! ತಾಗೇ ಪಾಲು!"

ತನಗೆ ಯಾಕೆ ಭಾಗ, ತಾನು ಕೇಳಿದ್ದು ಕುಡಿಯೋ ಪಾಲು! ತೆಲುಗಿನಲ್ಲಿ ಪಾಲು ಅಂದರೆ ಹಾಲು. ಪೊಂಗಾಲ ಅಂದರೆ ಉಕ್ಕಬೇಕು.

ಮದುವೆಯಾಗಿ ಬಂದ ದಿನ ಅವಳು ಆ ಮನೆಯಲ್ಲೇ ಹಾಲು ಉಕ್ಕಿಸಿದ್ದಳಂತೆ. ಗೋಡೆ ಬಿದ್ದ ಮೇಲೆ ಅಲ್ಲಿ ಒಲೆ ಹೊತ್ತಿರಲಿಲ್ಲ. ಆ ನೆಲದ ಮೇಲೆ ಇನ್ನೊಂದು ಸಲ ಹಾಲು ಉಕ್ಕಬೇಕು, ಅದನ್ನು ತಾನು ಕಣ್ಣಾರೆ ನೋಡಬೇಕು. ಅವಳ ಷರತ್ತು ಅಷ್ಟೇ.

ಹುಣಸೆಮರದ ಕೆಳಗಿದ್ದವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ಅಧ್ಯಕ್ಷರು ಕಣ್ಣು ಒರೆಸಿಕೊಂಡು, ಬಹಳ ಮರ್ಯಾದೆಯಿಂದ, "ಮೇಷ್ಟ್ರೇ, ಹೋಲ್ಡಾನ್," ಅಂದರು. ಕರಡು ಹೊಸದಾಗಿ ಬರೆಯಲು ನನ್ನನ್ನು ಬಿಡಲಿಲ್ಲ.

ಕಟ್ಟಡವಾಯಿತು. ಒಂದೇ ಕೋಣೆ, ಆದರೆ ಗೋಡೆ ಪೂರ್ತಿ ಹನ್ನೆರಡು ಅಡಿ. ಕೊಯ್ದ ತುಂಡನ್ನು ಕಬ್ಬಿಣದ ಪಟ್ಟಿ ಹೊಡೆದು ಸೇರಿಸಿ ಬೋರ್ಡು ಏರಿಸಿದೆವು. ಕೂಡಿಸಿದ ಗೆರೆ ಈಗಲೂ ಕಾಣುತ್ತದೆ. ಪ್ರವೇಶದ ದಿನ ಹೋಮ ಬೇಕು ಅಂತ ಕೆಲವರು, ಬೇಡ, ಬುದ್ಧವಂದನೆ ಆಗಲಿ ಅಂತ ಕೆಲವರು ಚರ್ಚೆ ಎಬ್ಬಿಸಿದಾಗ ಅಜ್ಜಿ ಯಾರನ್ನೂ ಕೇಳದೆ ಮೂರು ಕಲ್ಲಿಟ್ಟು ಒಲೆ ಹಚ್ಚಿಬಿಟ್ಟಳು. ಹಾಲು ಉಕ್ಕಿ ನೆಲಕ್ಕೆ ಸುರಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಮೊದಲ ಬಾರಿಗೆ ಗೋಡೆಗೆ ಒರಗಿ ಕೂತು ಪೇಪರ್ ಬಿಡಿಸಿದರು. ಅದನ್ನು ತಲೆಕೆಳಗಾಗಿ ಹಿಡಿದಿದ್ದರು, ಯಾರೂ ಹೇಳಲಿಲ್ಲ.

ಅಜ್ಜಿ ಎಲ್ಲರಿಗೂ ಲೋಟ ಕೊಟ್ಟಳು. ನಾನು ತಲೆ ತಪ್ಪಿಸಿಕೊಂಡು ಬಾಗಿಲ ಹಿಂದೆ ನಿಂತಿದ್ದೆ. ಹುಡುಕಿಕೊಂಡು ಬಂದು, ತುಂಬಿದ ಲೋಟವನ್ನು ನನ್ನ ಕೈಗಿಟ್ಟು, ಈ ಸಲ ಕನ್ನಡದಲ್ಲೇ ಅಂದಳು:

"ತಗೊಳ್ಳಪ್ಪಾ ಮೇಷ್ಟ್ರೇ, ನಿನ್ ಪಾಲು."

ಆ ಪಾಲು ಯಾವ ಭಾಷೆಯದು ಅಂತ ಕೇಳಲು ಹೋಗಲಿಲ್ಲ. ಸುಮ್ಮನೆ ಕುಡಿದೆ.