ಮಾವನ ಫಟಫಟಿಗೆ ಪುನರ್ಜನ್ಮ

ಹೆಂಡತಿ ವಿಮಲಾ "ಬೇಡ" ಎಂದಾಗಲೇ ಸುಮ್ಮನಿದ್ದಿದ್ದರೆ ಚಕ್ರಪಾಣಿಗೆ ಗೌರಿ ಹಬ್ಬದ ಬೆಳಗ್ಗೆ ಅಷ್ಟೊಂದು ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಆದರೆ ಅದು ಅರವತ್ತಮೂರನೇ ಇಸವಿ. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲ. ಇಡೀ ನಾಲ್ಕನೇ ಬ್ಲಾಕಿಗೆ ಸ್ವಂತ ಮೋಟಾರ್ ಸೈಕಲ್ ಇರುವ ಗುಮಾಸ್ತ ತಾನೊಬ್ಬನೇ ಎಂಬ ಹೆಮ್ಮೆ ಅವನ ಕಿವಿಗೆ ಹತ್ತಿ ತುರುಕಿತ್ತು.

ಗಾಡಿ ಅವನ ಮಾವ ಗಂಗಾಧರಯ್ಯನವರದು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಇಂಗ್ಲೆಂಡಿನ ಮಾಲು. ಸರ್ವೆ ಇಲಾಖೆಯಲ್ಲಿದ್ದ ಮಾವನವರು ಅದರ ಮೇಲೆ ಕೂತೇ ಅರ್ಧ ಮೈಸೂರು ಸೀಮೆಯನ್ನು ಅಳೆದಿದ್ದರು. ರಿಟೈರಾಗಿ ರಾಮನಗರ ಸೇರುವಾಗ ಅದನ್ನು ಅಳಿಯನ ಕೈಗೊಪ್ಪಿಸಿ, "ಇದು ಗಾಡಿ ಅಲ್ಲ ಅಳಿಯಂದಿರೇ, ನನ್ನ ಹಿರೀ ಮಗ. ಜೋಪಾನ" ಎಂದು ಕಣ್ಣೊರೆಸಿಕೊಂಡಿದ್ದರು.

ಈ ಹಿರೀ ಮಗ ಮಹಾ ಸೋಮಾರಿ. ಚಕ್ರಪಾಣಿ ದಿನಾ ಬೆಳಗ್ಗೆ ಪಂಚೆ ಎತ್ತಿ ಕಟ್ಟಿ ಕಿಕ್ಕರ್ ತುಳಿದೂ ತುಳಿದೂ, ಬೆವರಿನಲ್ಲೇ ಎರಡನೇ ಸ್ನಾನ ಮುಗಿಸಿ, ಕೊನೆಗೆ ಬಸ್ಸಿಗೆ ಓಡುತ್ತಿದ್ದ. ಹೀಗಿರುವಾಗ ಮಾವಳ್ಳಿಯ ಸೋಮಲಿಂಗಪ್ಪನ ಗ್ಯಾರೇಜಿನಲ್ಲಿ ಅವನ ಕಣ್ಣಿಗೆ ಒಂದು ಎಂಜಿನ್ ಬಿತ್ತು. ಹೊಚ್ಚ ಹೊಸ ಮೋಟಾರ್ ಸೈಕಲ್ಲೊಂದು ಲಾರಿಗೆ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಅದರ ಎಂಜಿನ್ ಮಾತ್ರ ಮದುಮಗನ ಹಾಗೆ ಮಿರಿಮಿರಿ ಮಿಂಚುತ್ತಿತ್ತು.

"ಶರೀರ ನಿಮ್ಮಪ್ಪನ ಗಾಡೀದೇ ಇರುತ್ತೆ ಕಣೇ, ಒಳಗಿನ ಪ್ರಾಣ ಮಾತ್ರ ಹೊಸದು. ಪರಕಾಯ ಪ್ರವೇಶ!" ಎಂದು ಚಕ್ರಪಾಣಿ ಘೋಷಿಸಿದ.

"ಅಪ್ಪನ ಗಾಡಿ ಮುಟ್ಬೇಡಿ ಅಂದೆ. ಆಮೇಲೆ ನನ್ನನ್ನ ಕೇಳ್ಬೇಡಿ."

ಕೇಳಲಿಲ್ಲ. ಎಂಜಿನ್ ಜಟಕಾದಲ್ಲಿ ಬಂದು ಹಜಾರದಲ್ಲಿ ಪ್ರತಿಷ್ಠಾಪನೆಗೊಂಡಿತು. ಮಾರನೆಯ ದಿನ ಇಡ್ಲಿಯಲ್ಲಿ ಸೀಮೆಎಣ್ಣೆ ವಾಸನೆ.

"ರೀ, ಇಡ್ಲಿ ಪಾತ್ರೇಲಿ ಏನು ತೊಳೆದ್ರಿ?"

"ಕಾರ್ಬುರೇಟರ್. ಅದು ಬಹಳ ನಾಜೂಕು, ಕಂಡಕಂಡ ಡಬ್ಬದಲ್ಲಿ ತೊಳೆಯೋಕಾಗಲ್ಲ."

ನಾಚಿಕೆಗೆ ವಿಮಲಾ ಎಂಜಿನ್ನಿನ ಮೇಲೆ ಹಳೇ ರೇಷ್ಮೆ ವಸ್ತ್ರವೊಂದನ್ನು ಹೊದಿಸಿದಳು. ಕಾಫಿಪುಡಿ ಕೇಳಲು ಬಂದ ಪಕ್ಕದ ಮನೆ ಮೀನಾಕ್ಷಮ್ಮ ಅದಕ್ಕೆ ಕೈಮುಗಿದು, "ಯಾವ ದೇವರಮ್ಮಾ?" ಎಂದರು. "ನಮ್ಮೆಜಮಾನರ ಮನೆದೇವರು" ಎಂದಳು ವಿಮಲಾ. (ಸುಳ್ಳೇನಲ್ಲ.)

ಕೊನೆಗೆ ಗಾಡಿಯೂ ಎಂಜಿನ್ನೂ ಗ್ಯಾರೇಜು ಸೇರಿದವು. ಸೋಮಲಿಂಗಪ್ಪನ ನಿಘಂಟಿನಲ್ಲಿ ಇದ್ದದ್ದು ಒಂದೇ ಪದ: "ಆಗುತ್ತೆ." ಹೊಸ ಎಂಜಿನ್ ದಪ್ಪ, ಹಳೇ ಫ್ರೇಮು ತೆಳ್ಳಗೆ. "ಆಗುತ್ತೆ ಸಾರ್" ಎಂದು ಫ್ರೇಮಿನ ಕೆಳಗಿನ ಕೊಳವೆಯನ್ನು ಗರಗರ ಕೊಯ್ದ. ಚಕ್ರಪಾಣಿಗೆ ತನ್ನ ಕರುಳನ್ನೇ ಕೊಯ್ದಂತಾಯಿತು. ಅಷ್ಟಾದರೂ ಎಂಜಿನ್ನಿನ ತಲೆ ಪೆಟ್ರೋಲ್ ಟ್ಯಾಂಕಿಗೆ ತಾಗಿತು. "ಆಗುತ್ತೆ ಸಾರ್" ಎಂದು ಟ್ಯಾಂಕನ್ನು ಮೇಲೆತ್ತಿದ. ಟ್ಯಾಂಕ್ ಎದ್ದ ಮೇಲೆ ಸೀಟೂ ಏಳಬೇಕಲ್ಲ? ಅದೂ ಆಯಿತು. ಕೊಯ್ದಲ್ಲೆಲ್ಲ ವೆಲ್ಡಿಂಗ್ ಹಾಕಿ, ಐದಡಿ ಎರಡಂಗುಲದ ಚಕ್ರಪಾಣಿಯನ್ನು ಮೇಲೆ ಹತ್ತಿಸಿ ಕೂರಿಸಿದ.

"ಕಾಲು ನೆಲಕ್ಕೆ ಎಟುಕ್ತಾನೇ ಇಲ್ವಲ್ಲಪ್ಪಾ!"

"ಗಾಡಿ ಓಡ್ತಾ ಇರುವಾಗ ನೆಲದಲ್ಲಿ ಕಾಲಿಗೇನು ಸಾರ್ ಕೆಲಸ?"

ಎಂಜಿನ್ನೋ, ಒಂದೇ ಒದೆತಕ್ಕೆ ಎದ್ದು ಹುಲಿಯ ಹಾಗೆ ಗುರುಗುಟ್ಟಿತು. ಓಡುವುದರಲ್ಲಿ ಏನೂ ತೊಂದರೆಯಿರಲಿಲ್ಲ, ನಿಲ್ಲುವುದೇ ತೊಂದರೆ. ರಸ್ತೆ ತಿರುವಿನಿಂದಲೇ ಅವನು "ವಿಮಲಾ, ಹಿಡ್ಕೊಳ್ಳೇ!" ಎಂದು ಕೂಗಬೇಕು, ಅವಳು ಹಿಟ್ಟಿನ ಕೈಯಲ್ಲೇ ಓಡಿಬಂದು ಗಾಡಿಗೆ ಆತುಕೊಳ್ಳಬೇಕು. ಒಂದು ಸಂಜೆ ಅವಳು ಹಾಲು ಉಕ್ಕೀತೆಂದು ಒಳಗೇ ಉಳಿದಳು. ಚಕ್ರಪಾಣಿ ಬಡಾವಣೆಯನ್ನೇ ಪ್ರದಕ್ಷಿಣೆ ಹಾಕತೊಡಗಿದ. ಪ್ರತಿ ಸುತ್ತಿನಲ್ಲೂ ಮೀನಾಕ್ಷಮ್ಮ ಗೇಟಿನಿಂದ, "ಹಾಲು ಇನ್ನೂ ಉಕ್ಕಿಲ್ವಂತೆ ಸ್ವಾಮೀ!" ಎಂದು ವರದಿ ಒಪ್ಪಿಸುತ್ತಿದ್ದರು. ಕೊನೆಗೆ ಜಲ್ಲಿ ರಾಶಿಯೊಂದು ಅವನಿಗೆ ಆಶ್ರಯ ಕೊಟ್ಟಿತು.

ಮಂಡಿಯ ಗಾಯ ಒಣಗುವ ಮೊದಲೇ ಸುದ್ದಿ ಬಂತು. ಮಗಳಿಗೆ ಬಾಗಿನ ಕೊಡಲು ಮಾವನವರು ಗೌರಿ ಹಬ್ಬಕ್ಕೆ ಬರುತ್ತಾರೆ.

"ಗಾಡಿ ಸ್ನೇಹಿತರು ತೊಗೊಂಡು ಹೋಗಿದ್ದಾರೆ ಅಂದ್ಬಿಡು" ಎಂದು ಚಕ್ರಪಾಣಿ ಅಂಗಲಾಚಿದ.

"ಹಬ್ಬದ ದಿನ ನಾನು ಸುಳ್ಳು ಹೇಳಲ್ಲ. ಕೊಯ್ದೋರು ನೀವು, ಹೇಳೋರೂ ನೀವೇ."

ಗಾಡಿಯನ್ನು ಹಿತ್ತಲಿಗೆ ತಳ್ಳಿ, ಮೇಲೆ ತೆಂಗಿನ ಗರಿ ಮುಚ್ಚಿ, ಚಕ್ರಪಾಣಿ ಮನೆದೇವರಿಗೆ (ನಿಜವಾದದ್ದಕ್ಕೆ) ಹರಕೆ ಹೊತ್ತ. ಆರಡಿ ಆಳು ಗಂಗಾಧರಯ್ಯನವರು ಬಂದರು, ಬಾಗಿನ ಕೊಟ್ಟರು, ಕಾಫಿ ಕುಡಿದರು. ಲೋಟ ಕೆಳಗಿಟ್ಟು ಕೇಳಿದರು: "ಎಲ್ಲಿ, ನನ್ನ ಹಿರೀ ಮಗ?"

ಚಕ್ರಪಾಣಿ ದಡಕ್ಕನೆ ಅವರ ಕಾಲಿಗೆ ಬಿದ್ದ. "ಮಾವ, ಕೊಯ್ಸಿಬಿಟ್ಟೆ! ತಪ್ಪಾಯ್ತು!" ಎನ್ನುವಷ್ಟರಲ್ಲಿ ಕಣ್ಣೀರು ಮೂಗಿನಲ್ಲೆಲ್ಲ ಇಳಿಯಿತು.

ಮಾವನವರು ಸೀದಾ ಹಿತ್ತಲಿಗೆ ಹೋಗಿ ಗರಿ ಸರಿಸಿದರು. ವೆಲ್ಡಿಂಗಿನ ಗಂಟುಗಳ ಮೇಲೆ ಕೈಯಾಡಿಸಿದರು. ಅವರ ಭುಜ ಅದುರತೊಡಗಿತು. ಅಯ್ಯೋ, ಮುದುಕರನ್ನು ಅಳಿಸಿಬಿಟ್ಟೆನಲ್ಲಾ ಎಂದು ಚಕ್ರಪಾಣಿ ಮುಂದೆ ಬಂದು ನೋಡಿದರೆ, ಅವರು ನಗುತ್ತಿದ್ದರು!

"ಆ ದರಿದ್ರ ಎಂಜಿನ್ ಕೊನೆಗೂ ತೊಲಗ್ತಲ್ಲ ಅಳಿಯಂದಿರೇ! ಒದ್ದೂ ಒದ್ದೂ ನನ್ನ ಮಂಡಿ ಚಿಪ್ಪು ಸವೆದುಹೋಗಿತ್ತು. ಯಾರೂ ಕೊಳ್ಲಿಲ್ಲ, ಅದಕ್ಕೇ ನಿಮಗೆ ಕೊಟ್ಟೆ."

"ಆವತ್ತು ಕಣ್ಣೊರೆಸಿಕೊಂಡ್ರಲ್ಲ ಮಾವ?"

"ಅದು ಆನಂದಬಾಷ್ಪ!"

ಚಕ್ರಪಾಣಿಯ ಎದೆಯ ಮೇಲಿದ್ದ ಬಂಡೆ ಉರುಳಿಹೋಯಿತು. ಆದರೆ ಮಾವನವರು ಆಗಲೇ ಗಾಡಿ ಹತ್ತಿದ್ದರು. ಅವರ ಎರಡೂ ಪಾದ ನೆಲದ ಮೇಲೆ ಭದ್ರವಾಗಿ ಕೂತಿದ್ದವು. ಒಂದೇ ಒದೆತಕ್ಕೆ ಗಾಡಿ ಹೊರಟಿತು. ಬನಶಂಕರಿ ಗುಡಿಗೆ ಹೋಗಿ ಕುಂಕುಮ ಇಟ್ಟುಕೊಂಡು ವಾಪಸು ಬಂದಾಗ ಮುಖದಲ್ಲಿ ಹತ್ತು ವರ್ಷ ಇಳಿದಿತ್ತು. ಊಟವಾದ ಮೇಲೆ, "ಇಷ್ಟೆತ್ತರದ ಗಾಡಿ ನಿಮಗೆ ಅಪಾಯ. ಹಿರೀ ಮಗನ್ನ ಕರ್ಕೊಂಡು ಹೋಗ್ತೀನಿ" ಎಂದವರೇ ಕೆಂಗೇರಿ ದಾರಿ ಹಿಡಿದು ರಾಮನಗರಕ್ಕೆ ಹೊರಟೇಬಿಟ್ಟರು.

ಗೇಟಿನ ಬಳಿ ನಿಂತ ಚಕ್ರಪಾಣಿ ಧೂಳು ಅಡಗುವವರೆಗೂ ನೋಡಿದ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇನ್ನು ಒದೆಯಬೇಕಿಲ್ಲ, ಕೂಗಬೇಕಿಲ್ಲ, ಜಲ್ಲಿಯ ಮೇಲೆ ಬೀಳಬೇಕಿಲ್ಲ. ಮೈ ಹತ್ತಿಯಷ್ಟು ಹಗುರವಾಯಿತು.

"ಹೋಗ್ಲಿ ಬಿಡು, ನನಗೇನೂ ಬೇಜಾರಿಲ್ಲ" ಎಂದ.

"ನನಗೂ ಇಲ್ಲ" ಎಂದಳು ವಿಮಲಾ. "ಗಾಡಿ ಎತ್ತರ ಆಗಿದೆ, ನಿನಗೆ ಸರಿಹೋಗುತ್ತೆ, ಬಂದು ತೊಗೊಂಡು ಹೋಗಪ್ಪಾ ಅಂತ ಅಪ್ಪನಿಗೆ ನಾನೇ ಹೇಳಿಕಳಿಸಿದ್ದೆ."

ಚಕ್ರಪಾಣಿ ಗಿರಕ್ಕನೆ ಅವಳ ಕಡೆ ತಿರುಗಿದ. "ಅವರಿಗೆ ಎಲ್ಲಾ ಗೊತ್ತಿತ್ತಾ? ಮತ್ತೆ ನಾನು ಕಾಲಿಗೆ ಬಿದ್ದು ಗೊಳೋ ಅಂತ ಅತ್ತಾಗ ಸುಮ್ನೆ ನಿಂತಿದ್ದೆಯಲ್ಲೇ?"

"ಹಬ್ಬದ ದಿನ ಹಿರಿಯರ ಕಾಲಿಗೆ ಬೀಳ್ತಿದ್ದೀರಿ, ಬೇಡ ಅನ್ನೋದು ಹೇಗೆ?" ಎಂದು ವಿಮಲಾ ಒಳಗೆ ನಡೆದಳು.