ಹದ್ದಿನ ಬಾಲದ ಕೆಳಗಿನ ಎರಡಕ್ಷರ

ಹಳೆಯ ಬೆಳ್ಳಿ ಡಾಲರನ್ನು ಅಂಗೈಯಲ್ಲಿಟ್ಟ ಕೂಡಲೇ ಅದರ ಬೆಲೆ ಹೇಳಬಲ್ಲ ಗಂಡಸು ಈ ಊರಿನಲ್ಲಿ ಒಬ್ಬನೇ. ಅವನು ನಾನು! ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವನಲ್ಲ. ಗಣಿಯ ಲಾರಿ ಓಡಿಸುತ್ತ, ಊಟದ ಬಿಡುವಿನಲ್ಲಿ ಗ್ರಂಥಾಲಯದ ಪುಸ್ತಕ ಓದಿ ನಾಣ್ಯಶಾಸ್ತ್ರವನ್ನು ಅರೆದು ಕುಡಿದವನು. ಬರೆಯುವುದನ್ನೂ ಅದೇ ಲಾರಿಯಲ್ಲಿ ಕೂತು ಕಲಿತೆ. ಹನ್ನೊಂದು ವರ್ಷದಿಂದ ಪ್ರತಿ ಗುರುವಾರ ನಮ್ಮ ವಾರಪತ್ರಿಕೆಯಲ್ಲಿ ನನ್ನ ಅಂಕಣ ಬರುತ್ತಿದೆ. ನೆವಾಡಾದ ಈ ಮೂಲೆಯ ಮೋಸಗಾರರು ಗುರುವಾರ ಮನೆಯಿಂದ ಹೊರಗೆ ಕಾಲಿಡುವುದಿಲ್ಲ!

ಈ ವರ್ಷದ ನನ್ನ ಪ್ರತಿಜ್ಞೆ: ಅಜ್ಜಿಯರ ಡಾಲರುಗಳನ್ನು ಪುಡಿಗಾಸಿಗೆ ನುಂಗುವ ನಾಣ್ಯ ವ್ಯಾಪಾರಿಗಳ ಬಣ್ಣ ಬಯಲು ಮಾಡುವುದು.

ಪ್ರತಿಜ್ಞೆಗೆ ಕಾರಣ ನನ್ನ ಹೆಂಡತಿ ಮೇವಿಸಳ ತೀರಿಹೋದ ಚಿಕ್ಕಮ್ಮನ ಹೊಲಿಗೆ ಪೆಟ್ಟಿಗೆ. ಗುಂಡಿ, ದಾರದ ಉಂಡೆಗಳ ನಡುವೆ ಒಂದು ಡಾಲರ್ ಸಿಕ್ಕಿತು. ಇಸವಿ 1889. ಮುಂದೆ ಸ್ವಾತಂತ್ರ್ಯದೇವಿ ಎಂಬ ಮಹಾತಾಯಿಯ ಮುಖ, ಕಿವಿಯ ಮೇಲೆ ಒಂದು ಸಣ್ಣ ಗಾಯ. ಹಿಂದೆ ರೆಕ್ಕೆ ಬಿಚ್ಚಿದ ಹದ್ದು, ಅದರ ಬಾಲದ ಕೆಳಗೆ 'ಸಿಸಿ' ಎಂದು ಎರಡಕ್ಷರ. ನಮ್ಮದೇ ಕಾರ್ಸನ್ ಸಿಟಿಯ ಟಂಕಸಾಲೆಯ ಗುರುತು! ಆ ಎರಡಕ್ಷರ ಇದ್ದರೆ ಸವೆದ ಡಾಲರಿಗೂ ಸಾವಿರದ ಮೇಲೆ ಬೆಲೆ. ಇಲ್ಲದಿದ್ದರೆ ಬರೀ ಬೆಳ್ಳಿಯ ತೂಕ.

ನೇರ ಎಚೆಬರ್ರಿಯ ಅಂಗಡಿಗೆ ಹೋದೆ. ಊರಿಗಿರುವುದು ಅದೊಂದೇ ನಾಣ್ಯದಂಗಡಿ. ಆ ಮನುಷ್ಯ ಭೂತಗನ್ನಡಿ ಹಿಡಿದು ಎರಡು ನಿಮಿಷ ನೋಡಿ, "ನಲವತ್ತು ಡಾಲರ್ ಕೊಡ್ತೀನಿ ಸಾರ್" ಅಂದ.

"ನಲವತ್ತಾ?!"

"ಅದೇನಂದ್ರೆ ಸಾರ್, ಆ ಅಕ್ಷರಗಳ ವಿಷಯ..."

"ಅಕ್ಷರದ ವಿಷಯ ನಂಗೆ ಹೇಳೋಕೆ ಬರ್ಬೇಡ್ರೀ! ಅಕ್ಷರದಿಂದಲೇ ಹೊಟ್ಟೆ ಹೊರೆಯೋನು ನಾನು!" ಎಂದು ಬಾಗಿಲು ದಢಾರೆಂದು ಎಳೆದುಕೊಂಡು ಬಂದೆ.

ಆ ಗುರುವಾರದ ಅಂಕಣ ಬೆಂಕಿ! "ಬೆಳ್ಳಿ ತಿನ್ನುವ ಇಲಿ" ಎಂದು ತಲೆಬರಹ. ಹೆಸರು ಹಾಕಲಿಲ್ಲ. ಅಂಗಡಿ ಒಂದೇ ಇರುವ ಊರಿನಲ್ಲಿ ಹೆಸರು ಯಾಕೆ ಬೇಕು? "ನಿಮ್ಮ ಹಳೆಯ ಡಾಲರಿಗೆ ಬದಲು ಹೊಳೆಯುವ ಡಾಲರ್ ಕೊಡುತ್ತೇನೆ ಅಂತ ಯಾರಾದರೂ ಹಲ್ಲು ಕಿರಿದರೆ ಮೊದಲು ಜೇಬು ಮುಚ್ಚಿಕೊಳ್ಳಿ" ಎಂದು ಬುದ್ಧಿಮಾತನ್ನೂ ಸೇರಿಸಿದ್ದೆ. ಕೊನೆಗೊಂದು ಸವಾಲು: ಮುಂದಿನ ತಿಂಗಳು ರೀನೋದಲ್ಲಿ ನಡೆಯುವ ನಾಣ್ಯಮೇಳದಲ್ಲಿ, ತಜ್ಞರ ಮುಂದೆ, ಈ ಡಾಲರನ್ನಿಟ್ಟು ಸತ್ಯ ಸಾಬೀತು ಮಾಡುತ್ತೇನೆ! ವಾರದೊಳಗೆ ಎಚೆಬರ್ರಿಯ ಅಂಗಡಿಗೆ ನೊಣವೂ ಹೋಗುತ್ತಿಲ್ಲ ಎಂದು ಸುದ್ದಿ ಬಂತು. ನನಗೆ ಪರಮಾನಂದ.

ಇನ್ನು ಸಾಕ್ಷಿಯನ್ನು ಕಾಪಾಡಬೇಕಲ್ಲ? ಕಳ್ಳನ ತಲೆಯಿಂದಲೇ ಯೋಚಿಸಿದೆ. ಒಂದು ಮಾಮೂಲಿ ಡಾಲರನ್ನು ಮಖಮಲ್ಲಿನ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ ಬೀಗ ಹಾಕಿದೆ. ಅಸಲಿಯನ್ನು ಗ್ಯಾರೇಜಿನ ಮೊಳೆ ಡಬ್ಬಿಯಲ್ಲಿ ಹಾಕಿದೆ. ಈ ಮಹಾ ಉಪಾಯವನ್ನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ!

ಅಷ್ಟರಲ್ಲಿ ನಮ್ಮ ಮಗಳು ಕೊರಿನ್ ಸೈನ್ಯದಲ್ಲಿ ಅಧಿಕಾರಿಯಾದಳು. ಹೊಸ ಅಧಿಕಾರಿಗೆ ಮೊದಲ ಸಲ್ಯೂಟ್ ಹೊಡೆದ ಸಿಪಾಯಿಯ ಕೈಗೆ ಒಂದು ಬೆಳ್ಳಿ ಡಾಲರ್ ಇಡುವುದು ಇಲ್ಲಿನ ಪದ್ಧತಿ. ಸಲ್ಯೂಟ್ ಹೊಡೆಯಲು ಬಂದವನು ಮೇವಿಸಳ ಅಣ್ಣ ಓರ್ವಿಲ್. ಇಪ್ಪತ್ತೆರಡು ವರ್ಷ ಸಾರ್ಜೆಂಟ್ ಆಗಿ ದುಡಿದು ನಿವೃತ್ತನಾದವನು. ಸಭಾಂಗಣ ನಿಶ್ಶಬ್ದ. ಭಾವ ಸೆಟೆದು ನಿಂತು ಸೋದರ ಸೊಸೆಗೆ ಸಲ್ಯೂಟ್ ಹೊಡೆದ. ನನ್ನ ಕಣ್ಣು ತುಂಬಿತು. ಮಗಳು ಸಲ್ಯೂಟ್ ಮರಳಿಸಿ, ಅವನ ಅಂಗೈಗೆ ಡಾಲರ್ ಇಟ್ಟಳು. ನನ್ನ ಕಣ್ಣು ಒಣಗಿತು! ಮಹಾತಾಯಿಯ ಕಿವಿಯ ಮೇಲೆ ಅದೇ ಗಾಯ!

"ಮೇವಿಸ್! ಆ ಡಾಲರ್ ಎಲ್ಲಿಂದ ತಂದೆ?" ಪಿಸುಗುಟ್ಟಿದೆ.

"ನಿಮ್ಮ ಮೊಳೆ ಡಬ್ಬಿಯಿಂದ. ಗಾಜಿನ ಪೆಟ್ಟಿಗೇದು ಮುಟ್ಟಿದ್ರೆ ಸೂರು ಹಾರಿಹೋಗೋ ಹಾಗೆ ಕೂಗ್ತೀರಲ್ಲ, ಅದಕ್ಕೇ ಕೊಳಕಾಗಿ ಬಿದ್ದಿದ್ದನ್ನ ತಗೊಂಡೆ. ಒಳ್ಳೇದು ಮಾಡಿದೆ ಅಲ್ವಾ?"

"ಅದು... ಅದೇ... ಸಾಕ್ಷಿ ಕಣೇ!"

"ಸಾಕ್ಷೀನ ಮೊಳೆ ಜೊತೆ ಇಡ್ತಾರೇನ್ರೀ? ಸುಮ್ನಿರಿ, ಫೋಟೋ ತೆಗೀತಿದಾರೆ."

ಆ ಫೋಟೋದಲ್ಲಿ ನಾನು ಹಲ್ಲುನೋವಿನವನ ಹಾಗೆ ಕಾಣುತ್ತೇನೆ.

ಮೇಳಕ್ಕೆ ಉಳಿದದ್ದು ಐದೇ ದಿನ. ಡಾಲರಿಲ್ಲದೆ ಹೋದರೆ ನನ್ನ ಮಾತಿಗೆ ಕಾಸಿನ ಬೆಲೆಯಿಲ್ಲ. ಮರುದಿನ ಬೆಳಗ್ಗೆ ಜೇಬಿನಲ್ಲಿ ಫಳಫಳ ಹೊಳೆಯುವ ಡಾಲರೊಂದನ್ನು ಹಾಕಿಕೊಂಡು ಓರ್ವಿಲ್‌ನ ಮನೆಗೆ ಹೊರಟೆ.

ಅವನು ಕಾಫಿ ಕೊಟ್ಟ. ನಾನು ಹವಾಮಾನ ಮಾತಾಡಿದೆ, ಅವನ ನಾಯಿಯನ್ನು ಹೊಗಳಿದೆ. ಆಮೇಲೆ, "ಭಾವ, ನಿನ್ನೆ ಕೊಟ್ಟ ಡಾಲರ್ ತುಂಬ ಹಳೇದು, ಮಂಕಾಗಿದೆ. ಇದನ್ನ ಇಟ್ಕೊ, ಹೇಗೆ ಹೊಳೀತಿದೆ ನೋಡು!" ಎಂದು ಹಲ್ಲು ಕಿರಿದೆ.

ಓರ್ವಿಲ್ ಬಲಗೈಯಿಂದ ಅಂಗಿಯ ಜೇಬನ್ನು ಮುಚ್ಚಿಕೊಂಡ.

"ಏನಾಯ್ತು ಭಾವ? ಎದೆನೋವಾ?"

"ಇಲ್ಲ. ಹೀಗೇ ಮಾಡಿ ಅಂತ ನೀನೇ ಬರ್ದಿದ್ದೆ."

ನನ್ನ ಮೈಯ ರಕ್ತವೆಲ್ಲ ಮುಖಕ್ಕೆ ಬಂತು. ಹನ್ನೊಂದು ವರ್ಷ ಊರಿಗೆಲ್ಲ ಉಗಿದ ಬಾಯಿ ಇದೇ ತಾನೆ? ಹೊಳೆಯುವ ಡಾಲರ್ ಹಿಡಿದು ಹಲ್ಲು ಕಿರಿದ ಇಲಿ ಯಾವುದು? ಆಗಲಿಲ್ಲ ಸ್ವಾಮಿ, ನನ್ನ ಕೈಲಿ ಆಗಲಿಲ್ಲ. "ಭಾವ, ಅದು ಸಾವಿರಕ್ಕೂ ಮೇಲೆ ಬಾಳೋ ಡಾಲರ್. ತಪ್ಪಿ ನಿನ್ನ ಕೈಗೆ ಬಂತು. ಆದ್ರೂ ಅದು ಈಗ ನಿಂದೇ. ಒಂದು ದಿನದ ಮಟ್ಟಿಗೆ ಮೇಳಕ್ಕೆ ಕೊಡು, ತಂದು ಒಪ್ಪಿಸ್ತೀನಿ" ಅಂದೆ.

ಓರ್ವಿಲ್ ನಕ್ಕ. "ಅಷ್ಟು ನೆಟ್ಟಗೆ ಮೊದ್ಲೇ ಕೇಳ್ಬಾರ್ದಿತ್ತಾ? ತಗೊ" ಎಂದು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ.

ಕಣ್ಣು ಕುಕ್ಕಿತು! ನಾನು ತಂದದ್ದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು!

"ಭಾವ... ಇದನ್ನ ಉಜ್ಜಿದ್ಯಾ?" ಉಜ್ಜಿದ ಹಳೆಯ ನಾಣ್ಯಕ್ಕೆ ಸಂಗ್ರಾಹಕರ ಬಳಿ ಬೆಲೆಯಿಲ್ಲ; ಉಜ್ಜುವುದೂ ಒಂದೇ, ಅದರ ಕತ್ತು ಹಿಸುಕುವುದೂ ಒಂದೇ!

"ಉಜ್ಜದೆ? ನನ್ನ ಹತ್ರ ಬಂದ ಲೋಹ ಯಾವುದೂ ಕೊಳಕಾಗಿ ಇರೋ ಹಾಗಿಲ್ಲ. ಕುದಿಯೋ ನೀರಲ್ಲಿ ಹಾಕಿ, ಹಿತ್ತಾಳೆ ಪಾಲಿಶ್ ಹಚ್ಚಿ, ಹಲ್ಲುಜ್ಜೋ ಬ್ರಶ್‌ನಲ್ಲಿ ಒಂದು ಗಂಟೆ ತಿಕ್ಕಿದೆ. ಹದ್ದಿನ ಬಾಲದ ಕೆಳಗೆ ಎಂಥದೋ ಗಲೀಜು ಅಂಟ್ಕೊಂಡಿತ್ತು ನೋಡು, ಬಿಡ್ತಾನೇ ಇರ್ಲಿಲ್ಲ. ಕೊನೆಗೂ ಕಿತ್ತು ಬಂತು!"

ಡಾಲರ್ ತಿರುಗಿಸಿದೆ. ಹದ್ದಿತ್ತು. ಬಾಲವಿತ್ತು. ಬಾಲದ ಕೆಳಗೆ ನುಣ್ಣಗೆ! ಟಂಕಸಾಲೆ ಹಾಕಿದ ಅಕ್ಷರ ಬ್ರಶ್ಶಿಗೆ ಕಿತ್ತು ಬರುವುದಿಲ್ಲ. ಯಾವನೋ ಪುಣ್ಯಾತ್ಮ ಯಾವ ಕಾಲದಲ್ಲೋ ಅಂಟಿಸಿದ್ದ ಅಕ್ಷರ ಅದು! ಎಚೆಬರ್ರಿ ಅವತ್ತು ಹೇಳಹೊರಟದ್ದು ಇದನ್ನೇ. ನಾನು ಹೇಳಲು ಬಿಟ್ಟರೆ ತಾನೆ? ಬರೀ ಬೆಳ್ಳಿಯ ತೂಕದ ಡಾಲರಿಗೆ ನಲವತ್ತು ಕೊಡುತ್ತೇನೆ ಅಂದ ನ್ಯಾಯವಂತನನ್ನು ಇಲಿ ಅಂದೆ. ಅವನ ಅಂಗಡಿಯನ್ನು ಖಾಲಿ ಮಾಡಿಸಿದೆ.

ಮನೆಗೆ ಬಂದು ಹೇಳಿದಾಗ ಮೇವಿಸ್ ಟೋಪಿ ತಂದು ನನ್ನ ಕೈಗಿಟ್ಟಳು. "ಹೋಗ್ರೀ, ಈಗ್ಲೇ ಅಂಗಡಿಗೆ ಹೋಗಿ. ಪೇಪರಲ್ಲಿ ಕೇಳೋ ಕ್ಷಮೇನ ಮೊದ್ಲು ಬಾಯಲ್ಲಿ ಕೇಳಿ."

ಹೋದೆ. ಎಚೆಬರ್ರಿ ಒಬ್ಬನೇ ಕೂತು ಗಾಜು ಒರೆಸುತ್ತಿದ್ದ. ಎಲ್ಲವನ್ನೂ ಹೇಳಿದೆ. ಈ ಗುರುವಾರ ಮೊದಲ ಪುಟದಲ್ಲಿ, ಅವನ ಹೆಸರು ಹಾಕಿ, ದಪ್ಪ ಅಕ್ಷರದಲ್ಲಿ ಕ್ಷಮೆ ಕೇಳುತ್ತೇನೆ ಅಂದೆ. ಅವನು ಒರೆಸುವುದನ್ನು ನಿಲ್ಲಿಸಿ ನನ್ನನ್ನು ಭೂತಗನ್ನಡಿಯಲ್ಲಿ ನೋಡುವ ಹಾಗೆ ನೋಡಿದ.

"ಬರೀರಿ ಸಾರ್, ಸಂತೋಷ. ದಪ್ಪ ಇರದಿದ್ರೂ ಪರವಾಗಿಲ್ಲ. ಉಜ್ಜಿದ್ರೆ ಕಿತ್ತು ಬರೋ ಅಕ್ಷರ ಮಾತ್ರ ಬೇಡ!"